ರಾಯರ್ ಆರ್-121 ಜೋಡಿ: ಜಾಝ್ ತಂಡದ ಲೈವ್ ರೆಕಾರ್ಡಿಂಗ್‌ಗೆ ವರ್ಷಗಟ್ಟಲೆ ಬಳಸಿದ ಮೇಲೆ

ರಿಬ್ಬನ್ ಮೈಕು (ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವ ಮೈಕು, ರಾಯರ್ ಆರ್-121 ಅಂಥದ್ದೇ) ಅಂದಕೂಡಲೇ ಎಲ್ಲರೂ ‘ವಾರ್ಮ್ ಸೌಂಡ್’ ಅಂತ ಶುರು ಮಾಡುತ್ತಾರೆ. ಆರ್-121ಕ್ಕೆ ದುಡ್ಡು ಹಾಕಬೇಕಾದ್ದು ಅದಕ್ಕಲ್ಲ. ಟ್ರಂಪೆಟ್, ಟೆನರ್ ಸ್ಯಾಕ್ಸ್, ಪಿಯಾನೊ, ಡಬಲ್ ಬಾಸ್, ಡ್ರಮ್ಸ್ ಐದೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಯುವಾಗ ಈ ಮೈಕಿನ ಎರಡು ಪಕ್ಕ ಕಿವುಡಾಗಿರುತ್ತವಲ್ಲ, ಕೊಟ್ಟ ದುಡ್ಡು ಹುಟ್ಟುವುದು ಅಲ್ಲಿ.

ಇದು ‘8’ರ ಆಕಾರದಲ್ಲಿ ಕೇಳಿಸಿಕೊಳ್ಳುವ ಮೈಕು. ಎದುರಿನಿಂದಲೂ ಹಿಂಬದಿಯಿಂದಲೂ ಹಿಡಿಯುತ್ತದೆ, ಪಕ್ಕದಿಂದ ಬಂದದ್ದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಮೈಕುಗಳ ಕಿವುಡು ಪಕ್ಕ ಡ್ರಮ್ಸ್ ಕಡೆಗಿರುವಂತೆ ಟ್ರಂಪೆಟ್ ಮೈಕು, ಸ್ಯಾಕ್ಸ್ ಮೈಕು, ಡ್ರಮ್ಸ್ ಮೂರೂ ಒಂದೇ ಗೆರೆಯಲ್ಲಿ ಬರಬೇಕು. ಟ್ರಂಪೆಟ್ ಬಾಯಿಂದ 60–90 ಸೆಂ.ಮೀ., ಸ್ಯಾಕ್ಸ್‌ನ ನಡುಗೀಲಿಗಳಿಂದ 45 ಸೆಂ.ಮೀ. ದೂರ ಸಾಕು. ಆಮೇಲೆ ಡ್ರಮ್ಮರ್‌ಗೆ ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಾಳ) ಒಂದನ್ನೇ ಬಾರಿಸಲು ಹೇಳಿ, ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಿ. ಚುರುಕಾಗಿ ಕೇಳುತ್ತಿದ್ದ ‘ತ್ಸ್ ತ್ಸ್’ ಒಂದು ಕಡೆ ಬಂದಾಗ ಸಪ್ಪೆಯಾಗಿ, ಗೋಡೆಯಾಚೆ ಹೋದಂತಾಗುತ್ತದೆ. ಅಲ್ಲೇ ಸ್ಟ್ಯಾಂಡ್ ಬಿಗಿ ಮಾಡಿ. 5 ಡಿಗ್ರಿ ಸರಿದರೂ ಹೈ-ಹ್ಯಾಟ್ ವಾಪಸ್ ಬಂತು ಅಂತಲೇ ಲೆಕ್ಕ.

ಮೈಕನ್ನು ಟ್ರಂಪೆಟ್ ಕಡೆ ಬಗ್ಗಿಸಬೇಡಿ. ನೆಟ್ಟಗೆ ನಿಲ್ಲಿಸಿದರೆ ಡ್ರಮ್ಸ್‌ನಿಂದ ಸೂರಿಗೆ ಬಡಿದು ಬರುವ ಸದ್ದು ಕೂಡ ಕಿವುಡು ಭಾಗಕ್ಕೇ ಬೀಳುತ್ತದೆ. ಬಗ್ಗಿಸಿದರೆ ಆ ಲಾಭ ಹೋಯಿತು. ಎತ್ತರ ಸಾಲದಿದ್ದರೆ ಸ್ಟ್ಯಾಂಡ್ ಏರಿಸಿ. ಪಕ್ಕದ ಗೋಡೆಗಳಿಂದ ಬರುವುದಕ್ಕೆ ಮಾತ್ರ ಈ ಉಪಾಯ ನಡೆಯದು. 1959ರಲ್ಲಿ ಅಮೆರಿಕದ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಜಾಝ್ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ತೆರೆದ ಸ್ಟುಡಿಯೊದ ಸೂರು 39 ಅಡಿ. ಅಷ್ಟು ದೊಡ್ಡ ಜಾಗ ಎಲ್ಲರಿಗೂ ಎಲ್ಲಿ ಸಿಗುತ್ತದೆ? ಚಿಕ್ಕ, ಬೋಳು ಗೋಡೆಯ ಕೋಣೆಯಾದರೆ ಮೊದಲು ಕೋಣೆಗೆ ಖರ್ಚು ಮಾಡಿ, ಮೈಕು ಆಮೇಲೆ.

ಹಿಂಬದಿಯನ್ನು ಮರೆಯುವವರೇ ಹೆಚ್ಚು. ಗೋಡೆ 1 ಮೀಟರ್ ದೂರದಲ್ಲಿದ್ದರೆ ಅದೇ ಟ್ರಂಪೆಟ್ ಸುಮಾರು 6 ಮಿಲಿಸೆಕೆಂಡ್ ತಡವಾಗಿ, ಪೊಲಾರಿಟಿ (ಅಲೆಯ ಏರಿಳಿತದ ದಿಕ್ಕು) ತಿರುವುಮುರುವಾಗಿ ಹಿಂದಿನಿಂದ ನುಗ್ಗುತ್ತದೆ. ಕೇಳುವವರಿಗೆ ‘ದನಿ ಟೊಳ್ಳು’ ಅನ್ನಿಸುತ್ತದೆ, ಕಾರಣ ಹೊಳೆಯುವುದಿಲ್ಲ. ಹಿಂದೆ 2 ಮೀಟರ್ ಜಾಗ ಬಿಡಿ, ಇಲ್ಲವೇ ದಪ್ಪನೆ ಗೋಬೋ (ಸದ್ದು ತಡೆಯುವ ಅಡ್ಡಪರದೆ) ನಿಲ್ಲಿಸಿ. ಈ ಹಿಂಬದಿಯಿಂದ ಒಂದು ಉಪಕಾರವೂ ಇದೆ: ಒಳಗಿನ ರಿಬ್ಬನ್ ಸರಿಯಾಗಿ ಮಧ್ಯದಲ್ಲಿಲ್ಲದ ಕಾರಣ ಸುಮಾರು 3 ಅಡಿಯೊಳಗೆ ಹಿಂಬದಿಯ ದನಿ ಮುಂಬದಿಗಿಂತ ಚುರುಕು. ಮ್ಯೂಟ್ (ದನಿ ಬದಲಿಸಲು ಬಾಯಿಗೆ ತುರುಕುವ ಬಿರಡೆ) ಹಾಕಿದ ಟ್ರಂಪೆಟ್ ಮಂಕಾಯಿತು ಅನ್ನಿಸಿದರೆ ಮೈಕು ತಿರುಗಿಸಿ, ಪ್ರೀಆಂಪ್‌ನಲ್ಲಿ (ಮೈಕಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಸಾಧನ) ಪೊಲಾರಿಟಿ ಬಟನ್ ಒತ್ತಿ.

ಜೋರು ಸದ್ದಿಗೆ ಇದು ಅಳುಕುವುದಿಲ್ಲ, 135 ಡಿಬಿ ತಡೆದುಕೊಳ್ಳುತ್ತದೆ. ಮೆಲುದನಿಗೆ ಮಾತ್ರ ಒಳ್ಳೆಯ ಪ್ರೀಆಂಪ್ ಬೇಕೇಬೇಕು. ಡ್ರಮ್ಸನ್ನು ಬ್ರಷ್‌ನಲ್ಲಿ ನುಡಿಸುವ ಬ್ಯಾಲಡ್‌ಗೆ (ನಿಧಾನಗತಿಯ ಹಾಡು) ಓವರ್‌ಹೆಡ್, ಅಂದರೆ ಡ್ರಮ್ಸ್ ಮೇಲೆ, ಇಟ್ಟರೆ 60 ಡಿಬಿಗೂ ಹೆಚ್ಚು ಗೇನ್ (ಸಿಗ್ನಲ್ ಹೆಚ್ಚಿಸುವ ಪ್ರಮಾಣ) ಏರಿಸಬೇಕಾಗಿ ಬರಬಹುದು. ಅಗ್ಗದ ಇಂಟರ್‌ಫೇಸ್‌ನಲ್ಲಿ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಬ್ರಷ್‌ಗಿಂತ ಮೊದಲು ಹಿಸ್ ಅನ್ನುವ ಗದ್ದಲ ಕೇಳಿಸುತ್ತದೆ. ಪ್ರೀಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ (ಮೈಕಿನ ಸಿಗ್ನಲ್‌ಗೆ ಅದು ಒಡ್ಡುವ ತಡೆ) 1500 ಓಮ್‌ಗಿಂತ ಕಡಿಮೆ ಬೇಡ. ಡಬಲ್ ಬಾಸ್‌ಗೆ ಹತ್ತಿರ ಇಡುವ ಆಸೆಯನ್ನೂ ಬಿಟ್ಟುಬಿಡಿ, ಪ್ರಾಕ್ಸಿಮಿಟಿಯಿಂದ, ಅಂದರೆ ಮೈಕು ತೀರಾ ಹತ್ತಿರವಿರುವುದರಿಂದ, ಕೆಳಸ್ವರವೆಲ್ಲ ಊದಿಕೊಳ್ಳುತ್ತದೆ.

ಇನ್ನು ಜೋಪಾನದ ಮಾತು. ರಿಬ್ಬನ್ ಅಂದರೆ 2.5 ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಹಾಳೆ. ಬಾಯಿಂದ ಉಫ್ ಅನ್ನುವುದು, ಎಸಿಯ ಗಾಳಿ, ಕೈಯಲ್ಲಿ ಬೀಸುತ್ತಾ ಕೋಣೆ ದಾಟುವುದು ಇಷ್ಟು ಸಾಕು ಹಿಗ್ಗಲು. ಎತ್ತಿ ಇಡುವಾಗ ಮೊದಲು ಮೇಲೊಂದು ಬಟ್ಟೆಚೀಲ ಹಾಕಿ, ಮಲಗಿಸದೆ ನಿಲ್ಲಿಸಿಡಿ. ಫ್ಯಾಂಟಮ್ ಪವರ್ (ಪ್ರೀಆಂಪ್ ಕೇಬಲ್ ಮೂಲಕವೇ ಮೈಕಿಗೆ ಕಳಿಸುವ ವಿದ್ಯುತ್) ಸರಿಯಾದ ಕೇಬಲ್‌ನಲ್ಲಿ ಏನೂ ಮಾಡದು, ಆದರೆ ಪ್ಯಾಚ್‌ಬೇಯಲ್ಲಿ (ಕೇಬಲ್‌ಗಳನ್ನು ಜೋಡಿಸುವ ಫಲಕ) ಜಾಕ್ ಚುಚ್ಚುವ ಆ ಕ್ಷಣ 48 ವೋಲ್ಟ್ ಒಂದೇ ತಂತಿಗೆ ತಗುಲಿ ರಿಬ್ಬನ್ನನ್ನು ಜಗ್ಗಿಬಿಡಬಹುದು.

ಹಿಗ್ಗಿದೆಯೇ ಎಂದು ನೋಡಲು: ಎರಡೂ ಮೈಕುಗಳ ತಲೆ ಒತ್ತೊತ್ತಾಗಿಟ್ಟು 1 ಮೀಟರ್ ದೂರದ ಸ್ಪೀಕರ್‌ನಲ್ಲಿ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಪರೀಕ್ಷೆಯ ಸದ್ದು) ಹಾಕಿ. ಗೇನ್ ಸಮ ಮಾಡಿ, ಒಂದರ ಪೊಲಾರಿಟಿ ತಿರುಗಿಸಿ, ಮೋನೊದಲ್ಲಿ ಕೂಡಿಸಿ ಕೇಳಿ. ಆರೋಗ್ಯವಂತ ಜೋಡಿಯಾದರೆ ಸದ್ದು ಬಹುಪಾಲು ಅಡಗಿ, ಮೇಲ್ಸ್ವರದ ತೆಳು ಸರಸರ ಮಾತ್ರ ಉಳಿಯುತ್ತದೆ. ಕೆಳಗಿನ ಗುಂಯ್ ಉಳಿದರೆ ಯಾವುದೋ ಒಂದರ ರಿಬ್ಬನ್ ಜೋತಿದೆ. ಹೊಸತಿನಲ್ಲೇ ಇದನ್ನೊಮ್ಮೆ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮುಂದೆ ಹೋಲಿಸಲು ಅದೇ ಆಧಾರ.