ಮೂರು ವರ್ಷ ಬಳಸಿದ ಮೇಲೆ ಇ-ರೀಡರ್ ಬಗ್ಗೆ ನಾಲ್ಕು ಮಾತು

ಪುಸ್ತಕ ಓದುವುದಕ್ಕೆಂದೇ ಇರುವ ಈ ಯಂತ್ರದ ಡಬ್ಬಿ ಬಿಚ್ಚಿದ ದಿನ, ಪರದೆ ಮೇಲೆ ಸ್ಟಿಕ್ಕರ್ ಅಂಟಿಸಿದ್ದಾರೆ ಅಂದುಕೊಂಡು ಉಗುರಿನಲ್ಲಿ ಕೆರೆದಿದ್ದೆ. ಸ್ಟಿಕ್ಕರ್ ಅಲ್ಲ, ಅದೇ ಪರದೆ! ಆಫ್ ಆಗಿದ್ದರೂ ಅಕ್ಷರ ಹಾಗೇ ನಿಂತಿರುತ್ತದೆ. ಒಳಗೆ ಕೂದಲೆಳೆ ದಪ್ಪದ ಗುಳ್ಳೆಗಳು, ಅವುಗಳಲ್ಲಿ ಕಪ್ಪು ಬಿಳಿ ಕಣಗಳು. ಕರೆಂಟ್ ಕೊಟ್ಟಾಗ ಬೇಕಾದ ಬಣ್ಣ ಮೇಲೆ ಬರುತ್ತದೆ, ಆಮೇಲೆ ಕರೆಂಟ್ ಇಲ್ಲದಿದ್ದರೂ ಅಲ್ಲೇ ಕೂತಿರುತ್ತದೆ. ದೀಪ, ವೈಫೈ ಆರಿಸಿಟ್ಟರೆ ವಾರಗಟ್ಟಲೆ ಚಾರ್ಜ್ ಬೇಡ. ಕೇಬಲ್ ಎಲ್ಲಿಟ್ಟೆ ಅಂತ ಪ್ರತಿ ಸಲ ಹುಡುಕುತ್ತೇನೆ.

ನನಗೆ ಇಷ್ಟವಾಗಿದ್ದು ಇದರ ಮಂದಗತಿ. ಪುಟ ತಿರುಗಿಸಿದರೆ ಒಂದು ಕ್ಷಣ ತಡ, ಆಗಾಗ ಪರದೆ ಪೂರ್ತಿ ಕಪ್ಪಾಗಿ ಮಿಂಚಿ ಸರಿಹೋಗುತ್ತದೆ, ಹಾಗೆ ಮಿಂಚದಿದ್ದರೆ ಹಿಂದಿನ ಪುಟದ ಸಾಲುಗಳು ಮಸುಕಾಗಿ ಉಳಿದುಬಿಡುತ್ತವೆ. ಒಳಗೊಂದು ಬ್ರೌಸರ್ ಕೂಡ ಇದೆ. ಒಮ್ಮೆ ತೆರೆದೆ, ಅದು ಮೂಡುವಷ್ಟರಲ್ಲಿ ಏನು ನೋಡಬೇಕಿತ್ತೋ ಮರೆತೆ. ಮೊದಲ ವಾರ ಹೆಬ್ಬೆರಳು ತಾನಾಗೇ ಪರದೆಯನ್ನು ಮೇಲಕ್ಕೆ ಉಜ್ಜುತ್ತಿತ್ತು, ಫೋನಿನ ಚಾಳಿ ನೋಡಿ. ಹೊಸದೇನೂ ಬರಲಿಲ್ಲ. ಅದೇ ಪ್ಯಾರಾ. ಬೇರೆ ದಾರಿ ಇಲ್ಲದೆ ಓದಿದೆ.

ಆದರೆ ಪಿಡಿಎಫ್ ಓದಬೇಕು ಅಂತ ಇದನ್ನು ತಗೊಳ್ಳಬೇಡಿ. ಆರು ಇಂಚಿನ ಪರದೆಯಲ್ಲಿ ಎ4 ಪುಟ ಅಂದರೆ ಕಣ್ಣಿಗೆ ಶಿಕ್ಷೆ.

ಬೇಜಾರಿನ ಸಂಗತಿ ಬೇರೆ ಇದೆ. ದುಡ್ಡು ಕೊಟ್ಟು ಕೊಂಡರೂ ಬಹಳಷ್ಟು ಇ-ಪುಸ್ತಕ ನಮ್ಮದಲ್ಲ, ಓದುವುದಕ್ಕೆ ಅನುಮತಿ ಅಷ್ಟೇ. 2009ರಲ್ಲಿ ಅಮೆಜಾನ್ ತಾನೇ ಮಾರಿದ ಇ-ರೀಡರ್‌ಗಳಿಂದ, ಅಂದರೆ ಓದುಗರ ಕಿಂಡಲ್‌ಗಳಿಂದ ಒಂದು ಪುಸ್ತಕವನ್ನು ದೂರದಿಂದಲೇ ಅಳಿಸಿಹಾಕಿತ್ತು. ಅದನ್ನು ಮಾರಿದವರಿಗೆ ಹಕ್ಕೇ ಇರಲಿಲ್ಲವಂತೆ. ದುಡ್ಡು ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಆದರೆ ಅಳಿಸಿದ ಪುಸ್ತಕ ಯಾವುದು ಗೊತ್ತಾ? ಜಾರ್ಜ್ ಆರ್ವೆಲ್‌ನ 'ನೈನ್ಟೀನ್ ಎಯ್ಟಿಫೋರ್', ಸರ್ಕಾರ ಹಳೆಯ ಬರಹಗಳನ್ನೆಲ್ಲ ಅಳಿಸಿ ತಿದ್ದುವ ಕಥೆ! ಈ ಸುದ್ದಿ ಓದಿದ ಮೇಲೆ ನಾನು ಆದಷ್ಟೂ ಬೀಗ ಹಾಕದ, ಅಂದರೆ ನಕಲು ಮಾಡಲು ತಡೆ ಇಲ್ಲದ, ಇಪಬ್ ಎಂಬ ಇ-ಪುಸ್ತಕದ ಫೈಲ್‌ಗಳನ್ನೇ ಕೊಳ್ಳುತ್ತೇನೆ, ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳುತ್ತೇನೆ.

ಇನ್ನು ಎರವಲು ಕೊಡುವ ಕಥೆ. ಗೆಳತಿಯೊಬ್ಬಳು "ಆ ಕಾದಂಬರಿ ಕೊಡೇ, ಓದಿ ಕೊಡ್ತೀನಿ" ಅಂದಳು. ಅದೊಂದನ್ನೇ ಕೊಡುವುದು ಹೇಗೆ? ಇಡೀ ರೀಡರನ್ನೇ ಕೊಟ್ಟೆ. ಎರಡು ತಿಂಗಳಾದ ಮೇಲೆ ವಾಪಸ್ ಬಂತು. ನಾನು ಓದುತ್ತಿದ್ದ ಜಾಗ ಕಳೆದುಹೋಗಿತ್ತು. ಅವಳು ಮುಟ್ಟಿದ್ದು ಶೇ. 14.