ಡಿವಿಡೆಂಡ್ ಯೀಲ್ಡ್ ಫಂಡ್: ಹಲವು ವರ್ಷಗಳ ಬಳಕೆಯ ನಂತರ

ತಿಂಗಳಿಗೆ 5,000 ರೂಪಾಯಿಯ ಎಸ್‌ಐಪಿ (ನಿಗದಿತ ಕಂತಿನ ಹೂಡಿಕೆ) ಮೂಲಕ ಹಲವು ವರ್ಷಗಳಿಂದ ಒಂದು ಡಿವಿಡೆಂಡ್ ಯೀಲ್ಡ್ ಫಂಡಿನಲ್ಲಿ ಹಣ ತೊಡಗಿಸುತ್ತಿದ್ದೇನೆ. ಯೀಲ್ಡ್ ಎಂದರೆ ಷೇರಿನ ಬೆಲೆಯಲ್ಲಿ ಶೇಕಡಾ ಎಷ್ಟನ್ನು ಕಂಪನಿ ವರ್ಷಕ್ಕೆ ಡಿವಿಡೆಂಡ್ (ಲಾಭಾಂಶ) ಆಗಿ ಕೊಡುತ್ತದೆ ಎಂಬ ಲೆಕ್ಕ; ಅದು ಹೆಚ್ಚಿರುವ ಷೇರುಗಳನ್ನು ಇಂತಹ ಫಂಡು ಕೊಳ್ಳುತ್ತದೆ. ಸ್ವಲ್ಪ ಹಣ ಗ್ರೋತ್ ಆಯ್ಕೆಯಲ್ಲಿದೆ (ಲಾಭ ಫಂಡಿನಲ್ಲೇ ಉಳಿಯುತ್ತದೆ), ಸ್ವಲ್ಪ ಐಡಿಸಿಡಬ್ಲ್ಯೂ ಆಯ್ಕೆಯಲ್ಲಿದೆ (ಆಗಾಗ ಹೂಡಿಕೆದಾರರಿಗೆ ಹಣ ಹಂಚಲಾಗುತ್ತದೆ). ರೇಟಿಂಗ್, ವೆಚ್ಚದ ಅನುಪಾತ, ಐದು ವರ್ಷದ ರಿಟರ್ನ್ ಇವೆಲ್ಲ ಆ್ಯಪ್‌ನಲ್ಲೇ ಸಿಗುವುದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ.

ಹಂಚಿಕೆಯ ಹಣ ಖಾತೆಗೆ ಜಮೆಯಾದ ಎಸ್‌ಎಂಎಸ್ ನೋಡುವುದು ಹಿತವೇ. ಆದರೆ ಅದು ಹೊರಗಿನಿಂದ ಬಂದ ಹಣವಲ್ಲ: ಎನ್‌ಎವಿ (ಫಂಡಿನ ಒಂದು ಯೂನಿಟ್‌ನ ಬೆಲೆ) 30 ರೂಪಾಯಿ ಇರುವಾಗ ಯೂನಿಟ್‌ಗೆ 1.50 ರೂಪಾಯಿ ಹಂಚಿದರೆ, ಮಾರುಕಟ್ಟೆಯ ಏರಿಳಿತ ಬದಿಗಿಟ್ಟರೆ, ಎನ್‌ಎವಿ 28.50ಕ್ಕೆ ಇಳಿಯುತ್ತದೆ. 2020ರ ಏಪ್ರಿಲ್‌ನಿಂದ ಈ ಮೊತ್ತ ಹೂಡಿಕೆದಾರನ ಆದಾಯಕ್ಕೆ ಸೇರಿ ಆತನ ಸ್ತರದ ದರದಲ್ಲೇ ತೆರಿಗೆಗೆ ಒಳಪಡುವುದರಿಂದ, ಶೇ 30ರ ಸ್ತರದಲ್ಲಿರುವ ನನಗೆ ಆ 1.50ರಲ್ಲಿ, ಸೆಸ್ ಬಿಟ್ಟರೂ, 45 ಪೈಸೆ ಕಡಿತವಾಗುತ್ತದೆ. ಗ್ರೋತ್ ಯೂನಿಟ್‌ಗಳನ್ನು ವರ್ಷ ಕಳೆದ ಮೇಲೆ ಬೇಕಾದಾಗ ಬೇಕಾದಷ್ಟು ಮಾರಿದರೆ ಲಾಭದ ಪಾಲಿಗೆ ಮಾತ್ರ, ಅದೂ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ್ದಕ್ಕೆ, ಶೇ 12.5ರ ತೆರಿಗೆ. ಹೀಗಿರುವಾಗ ಐಡಿಸಿಡಬ್ಲ್ಯೂಗೆ ಹೋಗುತ್ತಿದ್ದ ಕಂತನ್ನು ನಿಲ್ಲಿಸಿದ್ದೇನೆ. ತೆರಿಗೆಯ ಮಿತಿಯೊಳಗೆ ಇರುವ ನಿವೃತ್ತರಿಗೆ ಈ ದೋಷ ಅಷ್ಟಾಗಿ ತಟ್ಟದು.

ನನಗೆ ಈ ಫಂಡಿನಲ್ಲಿ ನಿಜವಾಗಿ ರುಚಿ ಹತ್ತಿದ್ದು ಬೇರೆ ಕಡೆ. ತಿಂಗಳು ಮುಗಿದು ಹತ್ತು ದಿನದೊಳಗೆ ಪ್ರತಿ ಫಂಡ್ ಸಂಸ್ಥೆಯೂ ತನ್ನಲ್ಲಿರುವ ಷೇರುಗಳ ಪೂರ್ಣ ಪಟ್ಟಿ ಪ್ರಕಟಿಸಬೇಕೆಂಬ ನಿಯಮವಿದೆ. ಆ ಎಕ್ಸೆಲ್ ಹಾಳೆಯನ್ನು ಇಳಿಸಿಕೊಂಡು, ಭಾನುವಾರ ಬೆಳಿಗ್ಗೆ ಕಾಫಿಯ ಜೊತೆಗೆ, ಹಳೆಯ ಡೈರಿಯ ಖಾಲಿ ಪುಟದಲ್ಲಿ ವಲಯವಾರು ಶೇಕಡಾವಾರನ್ನು ಪೆನ್ಸಿಲಿನಲ್ಲಿ ಬರೆದು, ಹಿಂದಿನ ತಿಂಗಳಿಗಿಂತ ಹೆಚ್ಚಾದದ್ದಕ್ಕೆ ಮೇಲೊಂದು ಗೀಟು, ಕಡಿಮೆಯಾದದ್ದಕ್ಕೆ ಕೆಳಗೊಂದು ಗೀಟು ಹಾಕುತ್ತೇನೆ. ಮನೆಯವರಿಗೆ ಇದು ವ್ಯರ್ಥ ಕಸುಬಾಗಿ ಕಾಣುತ್ತದೆ. ಆದರೆ ನನ್ನ ದೊಡ್ಡ ತಕರಾರು ಹುಟ್ಟಿದ್ದು ಇದೇ ಪುಟಗಳಲ್ಲಿ.

ಪಟ್ಟಿಯಲ್ಲಿ ಕಲ್ಲಿದ್ದಲು, ವಿದ್ಯುತ್ ಉತ್ಪಾದನೆ, ವಿದ್ಯುತ್ ಪ್ರಸರಣ, ತೈಲ ಎಂದು ಸಾಲುಗಳು ಬೇರೆಬೇರೆ ಇರುತ್ತವೆ, ನೋಡಿದರೆ ಹಣ ಚೆನ್ನಾಗಿ ಹಂಚಿಹೋಗಿದೆ ಅನ್ನಿಸುತ್ತದೆ. ಆದರೆ ಕೋಲ್ ಇಂಡಿಯಾ ಅಗೆದ ಕಲ್ಲಿದ್ದಲನ್ನು ಎನ್‌ಟಿಪಿಸಿ ಉರಿಸುತ್ತದೆ, ಆ ವಿದ್ಯುತ್ತನ್ನು ಪವರ್ ಗ್ರಿಡ್ ಸಾಗಿಸುತ್ತದೆ, ಈ ಮೂರರಲ್ಲೂ ತೈಲ ತೆಗೆಯುವ ಒಎನ್‌ಜಿಸಿಯಲ್ಲೂ ಅತಿದೊಡ್ಡ ಷೇರುದಾರ ಕೇಂದ್ರ ಸರ್ಕಾರವೇ. ಅಂದರೆ ಸಾಲುಗಳು ಹಲವಾದರೂ ಹಣ ನೆಚ್ಚಿರುವುದು ಒಂದೇ ಒಡೆಯನನ್ನು. ಕೇಂದ್ರ ಸರ್ಕಾರದ ಉದ್ಯಮಗಳು ನಿವ್ವಳ ಲಾಭದ ಶೇ 30 ಅಥವಾ ನಿವ್ವಳ ಸಂಪತ್ತಿನ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) ಶೇ 4, ಇವೆರಡರಲ್ಲಿ ಹೆಚ್ಚಿನದನ್ನು ಡಿವಿಡೆಂಡ್ ಆಗಿ ಕೊಡಬೇಕೆಂದು 2024ರ ನವೆಂಬರ್‌ನ ಮಾರ್ಗಸೂಚಿ ಹೇಳುತ್ತದೆ. ಬೊಕ್ಕಸಕ್ಕೆ ಹಣ ಬೇಕಾದಷ್ಟು ಕಾಲ ಇಂತಹ ಕಂಪನಿಗಳು ಈ ಬಗೆಯ ಫಂಡುಗಳಿಗೆ ತಾವಾಗಿಯೇ ಬಂದು ಸೇರುತ್ತವೆ. ಅದರ ಮೇಲೆ, ಷೇರಿನ ಬೆಲೆ ಕುಸಿದರೂ ಯೀಲ್ಡ್ ಹೆಚ್ಚಾಗಿಯೇ ಕಾಣುತ್ತದೆಯಾದ್ದರಿಂದ, ಸೊರಗಿದ ಕಂಪನಿಯೂ ಪಟ್ಟಿಯೊಳಗೆ ನುಸುಳಬಹುದು.

ಇಷ್ಟು ಸಿಟ್ಟಿದ್ದರೂ ಫಂಡನ್ನು ಬಿಟ್ಟಿಲ್ಲ. ಪಟ್ಟಿಯ ಇನ್ನೊಂದು ತುದಿಯಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್, ಅದರ ಜೊತೆಗೆ ಟಿಸಿಎಸ್, ಎಚ್‌ಸಿಎಲ್ ಎಂಬ ಐಟಿ ಕಂಪನಿಗಳು ಇವೆ. ಅವುಗಳ ಗಳಿಕೆ ಬಹುಪಾಲು ಡಾಲರ್, ಯೂರೋಗಳಲ್ಲಿ ಬರುವುದರಿಂದ ದೆಹಲಿಯ ಧೋರಣೆಗೂ ಅವುಗಳ ಲಾಭಕ್ಕೂ ನೇರ ನಂಟಿಲ್ಲ. 2022ರಲ್ಲಿ ಐಟಿ ಷೇರುಗಳು ನೆಲ ಕಚ್ಚುತ್ತಿದ್ದಾಗ ಕೋಲ್ ಇಂಡಿಯಾ ಏರುತ್ತಿತ್ತು, ಆಗ ನಾನು ಬೈಯುತ್ತಿದ್ದ ಸಾಲೇ ಹೊಡೆತವನ್ನು ತಗ್ಗಿಸಿತು. ಆದರೂ ಈ ಒಂದು ಫಂಡನ್ನೇ ನೆಚ್ಚದೆ, ಖಾಸಗಿ ಬ್ಯಾಂಕುಗಳ ತೂಕ ಹೆಚ್ಚಿರುವ ನಿಫ್ಟಿ 50 ಇಂಡೆಕ್ಸ್ ಫಂಡನ್ನು (50 ದೊಡ್ಡ ಕಂಪನಿಗಳ ಸೂಚ್ಯಂಕವನ್ನೇ ಅನುಸರಿಸುವ ಫಂಡು) ಇದರ ಎರಡರಷ್ಟು ಮೊತ್ತದಲ್ಲಿ ಜೊತೆಗಿಟ್ಟಿದ್ದೇನೆ. ಇನ್ನೊಂದು ಸಂಸ್ಥೆಯ ಡಿವಿಡೆಂಡ್ ಯೀಲ್ಡ್ ಫಂಡನ್ನು ಸೇರಿಸಿಕೊಳ್ಳುವಂತೆ ಏಜೆಂಟರು ಹೇಳುತ್ತಲೇ ಇರುತ್ತಾರೆ. ಅದರ ಹಾಳೆ ತೆರೆದರೆ ಅಲ್ಲಿಯೂ ಹೆಚ್ಚುಕಡಿಮೆ ಇದೇ ಹೆಸರುಗಳು, ಹೊಸದಾಗಿ ಸೇರುವುದು ಇನ್ನೊಂದು ವೆಚ್ಚ ಮಾತ್ರ.