ಎಲಾಕ್‌ಗೆ ಯಾವ ಆಂಪ್, ಕ್ಲಿಪ್ಶ್‌ಗೆ ಯಾವುದು? ಒಂದೇ ಹಾಲಿನಲ್ಲಿ ಮೂರನ್ನೂ ಹಾಕಿ ಕೇಳಿದ್ದು

ಆಂಪ್ (ಸ್ಪೀಕರಿಗೆ ಪವರ್ ಕೊಡುವ ಆಂಪ್ಲಿಫೈಯರ್) ಎಷ್ಟು ವ್ಯಾಟ್‌ನದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ, ಸ್ಪೀಕರ್ ಯಾವುದು ಅಂತ ಮೊದಲು ಕೇಳುತ್ತೇನೆ. ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಇಂತಿಷ್ಟು ಸಿಗ್ನಲ್ ಕೊಟ್ಟರೆ ಅದು ಎಷ್ಟು ಸದ್ದು ಮಾಡುತ್ತದೆ ಅನ್ನುವ ಅಳತೆ, ಗೊತ್ತಿಲ್ಲದೆ ಹಾಕುವ ವ್ಯಾಟ್ ಲೆಕ್ಕಕ್ಕೆ ತಲೆಬುಡ ಇರುವುದಿಲ್ಲ.

ನಮ್ಮ ಹಾಲಿನಲ್ಲಿ ಈಗ ಎರಡು ಜೋಡಿ ಬುಕ್‌ಶೆಲ್ಫ್ ಸ್ಪೀಕರ್‌ಗಳಿವೆ. ನನ್ನದು ಎಲಾಕ್ ಡೆಬ್ಯೂ ಬಿ6.2. ಇನ್ನೊಂದು, ಭಾವ ವರ್ಗವಾಗಿ ಹೋಗುವಾಗ ನಮ್ಮಲ್ಲಿ ಬಿಟ್ಟುಹೋದ ಕ್ಲಿಪ್ಶ್ ಆರ್‌ಪಿ-600ಎಂ. ಎರಡಕ್ಕೂ ಆರೂವರೆ ಇಂಚಿನ ವೂಫರ್. ಆದರೆ ಎಲಾಕ್‌ನ ಸೆನ್ಸಿಟಿವಿಟಿ 87 ಡೆಸಿಬೆಲ್, 6 ಓಮ್ (ಓಮ್ ಕಡಿಮೆಯಾದಷ್ಟೂ ಸ್ಪೀಕರ್ ಆಂಪಿನಿಂದ ಹೆಚ್ಚು ಕರೆಂಟ್ ಎಳೆಯುತ್ತದೆ). ಕ್ಲಿಪ್ಶ್‌ನ ಟ್ವೀಟರಿಗೆ (ಕೀರಲು ಸದ್ದಿನ ಪುಟ್ಟ ಡ್ರೈವರ್) ಹಾರ್ನ್ ಇದೆ, ಕಂಪನಿ ಕೊಡುವ ಸಂಖ್ಯೆ 96 ಡೆಸಿಬೆಲ್, 8 ಓಮ್. ಪ್ರತಿ 3 ಡೆಸಿಬೆಲ್‌ಗೆ ಪವರ್ ದುಪ್ಪಟ್ಟು ಬೇಕು. ಅಂದರೆ ಕಾಗದದ ಲೆಕ್ಕದಲ್ಲಿ ಕ್ಲಿಪ್ಶ್ 10 ವ್ಯಾಟ್‌ನಲ್ಲಿ ಕೊಡುವ ಸದ್ದಿಗೆ ಎಲಾಕ್‌ಗೆ 80 ವ್ಯಾಟ್ ಬೇಕು, 6 ಓಮ್ ಆದ್ದರಿಂದ ಇನ್ನೂ ಒಂದಿಷ್ಟು ಹೆಚ್ಚೇ. ಕೋಣೆಯಲ್ಲಿ ಅಂತರ ಇಷ್ಟೇ ಇರುತ್ತದೆ ಅಂತೇನಿಲ್ಲ, ಸ್ಪೆಕ್ ಶೀಟಿನ ಸೆನ್ಸಿಟಿವಿಟಿಯಿಂದ ಎರಡು ಮೂರು ಡೆಸಿಬೆಲ್ ಕಳೆದುಕೊಂಡೇ ಲೆಕ್ಕ ಹಾಕುವುದು ಒಳ್ಳೆಯದು.

ಆಂಪ್ ಮೂರು: ಲ್ಯಾಪ್‌ಟಾಪ್ ಅಡಾಪ್ಟರಿನಲ್ಲಿ ಓಡುವ ಅಂಗೈ ಅಗಲದ ಕ್ಲಾಸ್ ಡಿ (ಸ್ವಿಚಿಂಗ್ ಬಗೆಯ, ಹೆಚ್ಚು ಬಿಸಿಯಾಗದ ಆಂಪ್), ಟಿವಿ ಜೊತೆ ಇದ್ದ ಹಳೆಯ ಎವಿ ರಿಸೀವರ್, ಮತ್ತು ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ 60 ವ್ಯಾಟ್‌ನ ಇಂಟಿಗ್ರೇಟೆಡ್ (ವಾಲ್ಯೂಮ್ ಕಂಟ್ರೋಲೂ ಪವರ್ ಭಾಗವೂ ಒಂದೇ ಡಬ್ಬದಲ್ಲಿರುವ ಸ್ಟೀರಿಯೋ ಆಂಪ್).

ಹೋಲಿಸಲು ಮುಖ್ಯವಾಗಿ ಕೇಳಿದ್ದು ಆಟದ ದಿನ ಬಯಲಿನಲ್ಲೇ ಮಾಡಿಕೊಂಡ ಒಂದು ಯಕ್ಷಗಾನ ರೆಕಾರ್ಡಿಂಗ್. ಸ್ಟುಡಿಯೋದಲ್ಲಿ ಒತ್ತಿ ಸಮ ಮಾಡಿದ ಸಿನಿಮಾ ಹಾಡುಗಳಲ್ಲಿ ಆಂಪಿನ ಬಂಡವಾಳ ಗೊತ್ತಾಗುವುದಿಲ್ಲ. ಇಲ್ಲಿ ಭಾಗವತರ ಪದ ಮೆಲ್ಲಗೆ ಸಾಗುತ್ತಿರುತ್ತದೆ, ಯುದ್ಧದ ಪ್ರವೇಶಕ್ಕೆ ಚೆಂಡೆ ಒಮ್ಮೆಲೇ ಎರಗುತ್ತದೆ. ಇಂಥ ರೆಕಾರ್ಡಿಂಗಿನಲ್ಲಿ ಪೆಟ್ಟಿನ ತುದಿ ಸರಾಸರಿ ಸದ್ದಿಗಿಂತ 20 ಡೆಸಿಬೆಲ್ ಮೇಲೆ ಹೋಗಬಹುದು. 20 ಡೆಸಿಬೆಲ್ ಅಂದರೆ ನೂರು ಪಟ್ಟು ಪವರ್. ಪದಕ್ಕೆ ಅರ್ಧ ವ್ಯಾಟ್ ಸಾಕಾದ ಕಡೆ ಆ ಒಂದು ಪೆಟ್ಟಿಗೆ 50 ವ್ಯಾಟ್ ಬೇಕು.

ಎಲಾಕ್‌ಗೆ ಪುಟ್ಟ ಕ್ಲಾಸ್ ಡಿ ಹಾಕಿದಾಗ ಭಾಗವತರ ಧ್ವನಿ ನಿಜಕ್ಕೂ ಚೆನ್ನಾಗಿತ್ತು. ಮೆಲ್ಲಗೆ ಕೇಳುವವರಿಗೆ ಇದರಲ್ಲಿ ಕೊರತೆ ಕಾಣುವುದಿಲ್ಲ. ವಾಲ್ಯೂಮ್ ಏರಿಸಿ ಚೆಂಡೆ ಬಂದಾಗ ಪೆಟ್ಟಿನ ಮೊನೆ ಮುರಿಯಿತು. ಚರ್ಮದ ಸದ್ದು ಹೋಗಿ ತಗಡು ಬಡಿದ ಹಾಗಾಯಿತು, ಜಾಗಟೆ ಒರಟಾಯಿತು. ಇದೇ ಕ್ಲಿಪಿಂಗ್. ಆ ಆಂಪಿನ ಮೇಲೆ 100+100 ವ್ಯಾಟ್ ಅಂತ ಅಚ್ಚಾಗಿದೆ. ಅಡಾಪ್ಟರ್ ತಿರುಗಿಸಿ ನೋಡಿದರೆ 19 ವೋಲ್ಟ್, 3.42 ಆಂಪಿಯರ್, ಗುಣಿಸಿದರೆ ಒಟ್ಟು 65 ವ್ಯಾಟ್. ಎರಡೂ ಚಾನೆಲ್‌ಗೆ ಸೇರಿಸಿಯೇ ಅಷ್ಟು. 19 ವೋಲ್ಟ್‌ನಲ್ಲಿ ಇಂಥ ಆಂಪ್ 8 ಓಮ್‌ಗೆ ಚಾನೆಲ್ಲಿಗೆ ಹೆಚ್ಚೆಂದರೆ 22 ವ್ಯಾಟ್, 6 ಓಮ್‌ಗೆ 30 ಕೊಟ್ಟೀತು. ಅದರಾಚೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಹಾಗೆ ಹುಟ್ಟುವ ಕರ್ಕಶ ಹೈ ಫ್ರೀಕ್ವೆನ್ಸಿಯೆಲ್ಲ ಟ್ವೀಟರಿನ ಪಾಲು. ಸಣ್ಣ ಆಂಪನ್ನು ಪೂರ್ತಿ ತಿರುಗಿಸಿಟ್ಟರೂ ಟ್ವೀಟರ್ ಸುಡಬಹುದು ಅನ್ನುವುದು ಇದಕ್ಕೇ.

ರಿಸೀವರಿನಲ್ಲಿ ಚೆಂಡೆ ಸುಧಾರಿಸಿತು. ಹಿಂದುಗಡೆ ಓಮ್ ಸ್ವಿಚ್ ಇರುವ ರಿಸೀವರ್‌ಗಳಲ್ಲಿ ಕಡಿಮೆ ಓಮ್‌ಗೆ ಇಟ್ಟರೆ ಸಾಮಾನ್ಯವಾಗಿ ಪವರೂ ಇಳಿಯುತ್ತದೆ ಅನ್ನುವುದು ನೆನಪಿರಲಿ.

ಇಂಟಿಗ್ರೇಟೆಡ್ ಬಂದ ಮೇಲೆ ಎಲಾಕ್ ಬೇರೆಯೇ ಸ್ಪೀಕರ್ ಅನಿಸಿತು. ಚೆಂಡೆಯ ಒಂದೊಂದು ಉರುಳೂ ಬಿಡಿಬಿಡಿಯಾಗಿ ಕೇಳಿತು. ಆಮೇಲೆ ಹಾಕಿದ ಕಛೇರಿಯಲ್ಲಿ ಮೃದಂಗದ ಎಡಗಡೆಯ ಗುಂಕಾರ ಕೆಸರಾಗದೆ ನಿಂತಿತು. ರಿಸೀವರ್ 100 ವ್ಯಾಟ್ ಅನ್ನುತ್ತದೆ, ಇದು 60. ಆದರೆ ಆ ಎರಡರ ನಡುವಿನ ಅಂತರ ಎರಡು ಚಿಲ್ಲರೆ ಡೆಸಿಬೆಲ್ ಅಷ್ಟೇ, ಕಿವಿಗೆ ಅದು ದೊಡ್ಡದಲ್ಲ. 6 ಓಮ್ ಅಂತ ಬರೆದ ಸ್ಪೀಕರ್ ಕೆಲವು ಸ್ವರಗಳಲ್ಲಿ ಅದಕ್ಕಿಂತ ಕೆಳಗೂ ಇಳಿಯುತ್ತದೆ, ಆಗ ಬೇಕಾಗುವುದು ಕರೆಂಟ್. ಈ ಆಂಪಿನ ಮ್ಯಾನ್ಯುಯಲ್‌ನಲ್ಲಿ 4 ಓಮ್‌ಗೆ 90 ವ್ಯಾಟ್ ಅಂತ ಬೇರೆಯಾಗಿ ಕೊಟ್ಟಿದ್ದಾರೆ. ಆ ಒಂದು ಸಾಲು ಇರುವ ಆಂಪ್ ಮೇಲೆ ನನಗೆ ನಂಬಿಕೆ ಹೆಚ್ಚು.

ಹಾಗಾದರೆ ಕ್ಲಿಪ್ಶ್‌ಗೂ ಇಂಟಿಗ್ರೇಟೆಡ್ಡೇ ಒಳ್ಳೆಯದೇ? ನನ್ನ ಮಟ್ಟಿಗೆ ಅಲ್ಲ. ಕ್ಲಿಪ್ಶ್‌ಗೆ ಪವರಿನ ಚಿಂತೆ ಇಲ್ಲ, ಪುಟ್ಟ ಆಂಪಿನಲ್ಲೇ ಚೆಂಡೆ ಮನೆ ತುಂಬಿತು. ತೊಂದರೆ ಇನ್ನೊಂದು ತುದಿಯಲ್ಲಿದೆ. ರಾತ್ರಿ ಫ್ಯಾನ್ ಆರಿಸಿ ತಂಬೂರಿಯ ಶ್ರುತಿ ಹಾಕಿದರೆ ಪುಟ್ಟ ಆಂಪಿನ ಸುಯ್ ಅನ್ನುವ ಸದ್ದು ಸೋಫಾದವರೆಗೂ ಬರುತ್ತದೆ. ಎಲಾಕ್‌ನಲ್ಲಿ ಅದು ಇದೆಯೆಂದೇ ಗೊತ್ತಾಗುವುದಿಲ್ಲ. ಇಂಟಿಗ್ರೇಟೆಡ್ ಸದ್ದಿಲ್ಲದ್ದು ನಿಜ, ಆದರೆ ಅದರ ಗುಂಡಿ ಕೂದಲೆಳೆಯಷ್ಟು ತಿರುಗಿಸಿದರೂ ಜೋರಾಗುತ್ತದೆ, ಅಷ್ಟು ಕೆಳಗೆ ಎಡಬಲ ಚಾನೆಲ್ ಸಮ ಇರುವುದಿಲ್ಲ, ಹಾಡುವವರು ಎಡಕ್ಕೆ ಸರಿದು ಕೂತಂತೆ ಕೇಳುತ್ತದೆ. ರಿಸೀವರಿನಲ್ಲಿ ಅರ್ಧರ್ಧ ಡೆಸಿಬೆಲ್ ಮೆಟ್ಟಿಲಿನ ಎಲೆಕ್ಟ್ರಾನಿಕ್ ವಾಲ್ಯೂಮ್ ಇದೆ, ಎಷ್ಟು ತಗ್ಗಿಸಿದರೂ ಎರಡೂ ಕಡೆ ಸಮ, ಸುಯ್ ಸದ್ದೂ ಕೂತಲ್ಲಿಗೆ ಬರಲಿಲ್ಲ. ಎಲಾಕ್‌ಗೆ ಎರಡನೆಯ ಸ್ಥಾನಕ್ಕೆ ಬಿದ್ದ ರಿಸೀವರ್ ಕ್ಲಿಪ್ಶ್‌ಗೆ ಮೊದಲನೆಯದಾಯಿತು.

ಎಲಾಕ್‌ನಂಥ 85ರಿಂದ 87 ಡೆಸಿಬೆಲ್ ಸ್ಪೀಕರಿಗೆ ಹಾಲಿನಲ್ಲಿ ಮೂರು ಮೀಟರ್ ದೂರ ಕೂತು ಕೇಳುವವರು ಚಾನೆಲ್ಲಿಗೆ ನಿಜವಾದ 50 ವ್ಯಾಟ್‌ಗಿಂತ ಕಡಿಮೆ ನೋಡಬೇಡಿ. ಮೇಜಿನ ಮೇಲಿಟ್ಟು ಹತ್ತಿರ ಕೂತರೆ ಅದರ ಕಾಲುಭಾಗವೂ ಸಾಕು. ಜಾಗವಿಲ್ಲ, ಕ್ಲಾಸ್ ಡಿಯೇ ಬೇಕು ಅಂದರೆ 48 ವೋಲ್ಟ್ ಅಡಾಪ್ಟರಿನಲ್ಲಿ ಓಡುವ ಬಗೆಯದು ನೋಡಿ. ವೋಲ್ಟೇಜ್ ಎರಡೂವರೆ ಪಟ್ಟಾದರೆ ಪೆಟ್ಟಿನ ತುದಿಗೆ ಸಿಗುವ ಪವರ್ ಆರು ಪಟ್ಟಿಗೂ ಮಿಕ್ಕುತ್ತದೆ. ಅಡಾಪ್ಟರ್ ಎಷ್ಟು ಆಂಪಿಯರಿನದು ಅಂತ ಅಂಗಡಿಯಲ್ಲೇ ಕೇಳಿಕೊಳ್ಳಿ, 5 ಆಂಪಿಯರ್ ಇದ್ದರೆ ಒಳ್ಳೆಯದು.